ಅಳಿಸಲಾಗದ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡನಾಡಿನಲ್ಲಿ ಎಲ್ಲರೂ ಬಲ್ಲ ಗಾದೆ. ಮನೆ ಕಟ್ಟುವುದಕ್ಕೆ ಹಣ ಎಷ್ಟು ಬೇಕೋ ತಾಳ್ಮೆಯೂ ಅಷ್ಟೇ ಬೇಕು ಎಂಬುದನ್ನು ಈ ಮಾತು ಸೂಚಿಸುತ್ತದೆ. ಆದರೆ ಇವೆರಡಕ್ಕಿಂತಲೂ ಮಿಗಿಲಾಗಿ ಬೇಕಾದುದೊಂದು ಉಂಟು. ಅದು ನಂಬಿಕೆ. ಕಟ್ಟಿ ಮುಗಿದ ಮನೆಯನ್ನು ಹೊರಗಿನಿಂದ ನೋಡಿದವರಿಗೆ ಗೋಡೆಯ ಬಣ್ಣ ಕಾಣಿಸುತ್ತದೆ, ಬಾಗಿಲಿನ ಕೆತ್ತನೆ ಕಾಣಿಸುತ್ತದೆ. ತಳಪಾಯ ಎಷ್ಟು ಆಳಕ್ಕೆ ಇಳಿದಿದೆ, ಕಂಬದೊಳಗೆ ಎಷ್ಟು ಗಾತ್ರದ ಕಬ್ಬಿಣದ ಸರಳುಗಳಿವೆ, ಕಾಂಕ್ರೀಟಿನಲ್ಲಿ ಎಷ್ಟು ಸಿಮೆಂಟು ಬಿದ್ದಿದೆ ಎಂಬುದು ಕಾಣಿಸುವುದಿಲ್ಲ. ಕಟ್ಟಡವನ್ನು ಹೊತ್ತು ನಿಲ್ಲಿಸಿರುವುದೆಲ್ಲವೂ ಕಣ್ಣಿಗೆ ಮರೆಯಾಗಿರುತ್ತದೆ. ಅಲ್ಲಿ ವಾಸಿಸುವವರು ಅದನ್ನು ನಂಬಿಯೇ ಬದುಕಬೇಕಾಗಿದೆ.

ಹಿಂದಿನ ಕಾಲದಲ್ಲಿ ಈ ನಂಬಿಕೆಗೆ ಆಧಾರ ಹತ್ತಿರದಲ್ಲಿಯೇ ಇತ್ತು. ಮನೆಯ ಯಜಮಾನನು ಕೆಲಸ ನಡೆಯುವ ಸ್ಥಳದಲ್ಲಿಯೇ ನಿಂತಿರುತ್ತಿದ್ದನು. ಕಲ್ಲು ಯಾವ ಗುಡ್ಡದಿಂದ ಬಂತು, ಮರ ಯಾರ ತೋಪಿನದು ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಕೆಲಸ ಮಾಡುವ ಮೇಸ್ತ್ರಿ ಅದೇ ಊರಿನವನು; ಅವನು ಕಟ್ಟಿದ ಹತ್ತು ಮನೆಗಳು ಕಣ್ಣೆದುರಿಗೇ ಇರುತ್ತಿದ್ದವು. ಇಂದು ನಗರದಲ್ಲಿ ಏಳುವ ಬಹುಮಹಡಿ ಕಟ್ಟಡದ ಕಥೆ ಬೇರೆ. ಅದಕ್ಕೆ ಹಣ ಹೂಡುವವನು ಒಬ್ಬ, ನಕ್ಷೆ ಬರೆಯುವವನು ಇನ್ನೊಬ್ಬ, ಕಂಬ ತೊಲೆಗಳ ಬಲವನ್ನು ಲೆಕ್ಕ ಹಾಕುವ ಎಂಜಿನಿಯರು ಮತ್ತೊಬ್ಬ. ಮುಖ್ಯ ಗುತ್ತಿಗೆದಾರನ ಕೈಕೆಳಗೆ ಸೆಂಟ್ರಿಂಗಿಗೆ ಒಬ್ಬ, ಕಬ್ಬಿಣ ಕಟ್ಟುವುದಕ್ಕೆ ಒಬ್ಬ, ವಿದ್ಯುತ್ತಿಗೆ ಒಬ್ಬ, ನೀರಿನ ಕೊಳವೆಗೆ ಒಬ್ಬ ಎಂದು ಅನೇಕ ಉಪಗುತ್ತಿಗೆದಾರರು. ಇವರಲ್ಲದೆ ಸಾಮಾನು ಪೂರೈಸುವವರು, ಪರೀಕ್ಷೆ ಮಾಡುವ ಪ್ರಯೋಗಾಲಯದವರು, ಸಾಲ ಕೊಡುವ ಬ್ಯಾಂಕಿನವರು, ಅನುಮತಿ ಕೊಡುವ ನಗರಸಭೆಯವರು. ಕೊನೆಗೆ ಆ ಕಟ್ಟಡದಲ್ಲಿ ವಾಸಿಸಲು ಬರುವ ಸಂಸಾರಕ್ಕೆ ಇವರಲ್ಲಿ ಒಬ್ಬರ ಪರಿಚಯವೂ ಇರುವುದಿಲ್ಲ.

ಮುಖ ಪರಿಚಯ ಇಲ್ಲದ ಕಡೆ ನಂಬಿಕೆಯ ಭಾರವನ್ನು ದಾಖಲೆ ಹೊರಬೇಕಾಗುತ್ತದೆ. ಈ ಸತ್ಯವನ್ನು ಲೋಕೋಪಯೋಗಿ ಇಲಾಖೆಯವರು ಬಹಳ ಹಿಂದೆಯೇ ಅರಿತಿದ್ದರು. ಸರಕಾರಿ ಕಾಮಗಾರಿಗಳಲ್ಲಿ ಅಳತೆ ಪುಸ್ತಕ ಎಂಬುದೊಂದು ಬಳಕೆಗೆ ಬಂದುದು ಇದಕ್ಕಾಗಿಯೇ. ಅದರ ಪ್ರತಿಯೊಂದು ಪುಟಕ್ಕೂ ಅಚ್ಚಾದ ಸಂಖ್ಯೆ ಇರುತ್ತದೆ. ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಅಳತೆಯನ್ನು ಕೆಲಸದ ಸ್ಥಳದಲ್ಲಿಯೇ ಶಾಯಿಯಿಂದ ಬರೆಯಬೇಕು. ತಪ್ಪಾದರೆ ಉಜ್ಜಿ ಅಳಿಸುವಂತಿಲ್ಲ. ತಪ್ಪು ಅಕ್ಷರ ಕಾಣುವಂತೆಯೇ ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ತಾರೀಖು ಸಹಿತ ಸಹಿ ಮಾಡಬೇಕು. ಒಬ್ಬರು ಬರೆದ ಅಳತೆಯನ್ನು ಮೇಲಧಿಕಾರಿ ಮತ್ತೊಮ್ಮೆ ಪರಿಶೀಲಿಸಬೇಕು. ಆ ಬಳಿಕವೇ ಗುತ್ತಿಗೆದಾರನಿಗೆ ಹಣ. ತಪ್ಪು ನಡೆಯುವುದು ಸಹಜ. ಆದರೆ ತಪ್ಪನ್ನು ಮುಚ್ಚಿಡುವುದು ಸಾಧ್ಯವಾಗಬಾರದು ಎಂಬುದೇ ಈ ನಿಯಮಗಳ ತಿರುಳು.

ಆದರೂ ಕಾಗದದ ಪುಸ್ತಕಕ್ಕೆ ತನ್ನದೇ ಆದ ಮಿತಿಗಳುಂಟು. ಮೂಲ ಪ್ರತಿ ಒಂದೇ ಆದುದರಿಂದ ಅದು ಕಳೆದುಹೋಗಬಹುದು, ನೆನೆಯಬಹುದು, ಸುಡಬಹುದು. ದೊಡ್ಡ ಕಟ್ಟಡದ ಕೆಲಸದಲ್ಲಿಯಂತೂ ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತಾರೆ. ನಕ್ಷೆ ಬರೆದವನ ಕಡತದಲ್ಲಿ ಒಂದು ಮಾತು, ಗುತ್ತಿಗೆದಾರನ ಕಡತದಲ್ಲಿ ಇನ್ನೊಂದು ಮಾತು. ಎಲ್ಲವೂ ಸುಗಮವಾಗಿರುವ ತನಕ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಅವಘಡ ಸಂಭವಿಸಿದಾಗ ಮಾತ್ರ, ಯಾರು ಏನನ್ನು ಯಾವಾಗ ತೀರ್ಮಾನಿಸಿದರು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಅಂಥ ಪ್ರಶ್ನೆಯೊಂದು ಇಂಗ್ಲೆಂಡಿನಲ್ಲಿ ಇಡೀ ರಾಷ್ಟ್ರದ ಮನಸ್ಸನ್ನು ಕಲಕಿತು.

ಲಂಡನ್ ನಗರದ ಪಶ್ಚಿಮ ಭಾಗದಲ್ಲಿ 1974ರಲ್ಲಿ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡ ಪೂರ್ಣಗೊಂಡಿತು. ನಾಲ್ಕು ದಶಕಗಳ ತರುವಾಯ ಅದನ್ನು ನವೀಕರಿಸಲಾಯಿತು. ಚಳಿಯನ್ನು ತಡೆಯುವುದಕ್ಕೂ ನೋಟವನ್ನು ಹೆಚ್ಚಿಸುವುದಕ್ಕೂ ಹೊರಗೋಡೆಗೆ ಹೊಸ ಹೊದಿಕೆಯನ್ನು ಹಾಕಿ, 2016ರಲ್ಲಿ ಆ ಕೆಲಸವನ್ನು ಮುಗಿಸಿದರು. ಹೊದಿಕೆಯ ಹಲಗೆಗಳು ಹೊರಗೆ ತೆಳುವಾದ ಅಲ್ಯೂಮಿನಿಯಂ ತಗಡು. ಎರಡು ತಗಡುಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಅದು ಬೆಂಕಿಗೆ ಬಹು ಬೇಗ ಬಲಿಯಾಗುವ ವಸ್ತು. 2017ನೆಯ ಇಸವಿ ಜೂನ್ 14ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ನಾಲ್ಕನೆಯ ಅಂತಸ್ತಿನ ಒಂದು ಅಡಿಗೆಮನೆಯಲ್ಲಿ ಫ್ರಿಜ್ಜಿನಿಂದ ಬೆಂಕಿ ಹುಟ್ಟಿತು. ಸಣ್ಣ ಬೆಂಕಿ, ಆ ಕೋಣೆಯಲ್ಲಿಯೇ ಆರಿಹೋಗಬೇಕಾಗಿದ್ದ ಬೆಂಕಿ. ಆದರೆ ಅದು ಹೊರಗೋಡೆಯ ಹೊದಿಕೆಗೆ ತಗಲಿತು. ತಗಲಿದ ಅರ್ಧ ಗಂಟೆಯೊಳಗಾಗಿ ಜ್ವಾಲೆ ಕಟ್ಟಡದ ನೆತ್ತಿಯನ್ನು ಮುಟ್ಟಿತು. ಒಟ್ಟು 72 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 18 ಮಂದಿ ಮಕ್ಕಳು.

ಇಂಥ ಹೊದಿಕೆಯನ್ನು ಆರಿಸಿದವರು ಯಾರು? ಅದು ಸುರಕ್ಷಿತವೆಂದು ಹೇಳಿದವರು ಯಾರು? ಹಾಕುವುದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ವಿಚಾರಣೆಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆಗೆ ಬೆರಳು ತೋರಿಸಿದರು. ಕಟ್ಟಡ ನಿಯಮಗಳನ್ನು ಪರಿಶೀಲಿಸಲು ನೇಮಕಗೊಂಡ ಎಂಜಿನಿಯರ್ ಜುಡಿತ್ ಹ್ಯಾಕಿಟ್ ಅವರು 2018ರ ಮೇ ತಿಂಗಳಲ್ಲಿ ತಮ್ಮ ಅಂತಿಮ ವರದಿಯನ್ನು ಒಪ್ಪಿಸಿದರು. ನಕ್ಷೆಯ ಕಾಲದಿಂದ ಮೊದಲುಗೊಂಡು ಜನ ವಾಸಿಸುವ ಕಾಲದವರೆಗೂ ಕಟ್ಟಡದ ಎಲ್ಲ ಮಾಹಿತಿಯನ್ನು ಎಲ್ಲಿಯೂ ತುಂಡಾಗದ ಎಳೆಯಂತೆ ಕಾಪಾಡಬೇಕೆಂದು ಅವರು ಸೂಚಿಸಿದರು. ಅದಕ್ಕೆ ‘ಬಂಗಾರದ ಎಳೆ’ ಎಂಬ ಹೆಸರು ಬಂತು. 2022ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕಟ್ಟಡ ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಇಂಗ್ಲೆಂಡಿನಲ್ಲಿ ಕನಿಷ್ಠ 18 ಮೀಟರು ಎತ್ತರದ ಅಥವಾ ಏಳು ಅಂತಸ್ತಿನ ವಸತಿ ಕಟ್ಟಡಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸಿ ಇಡುವುದು ಕಡ್ಡಾಯವಾಯಿತು. ಯಾವ ಯಂತ್ರದಿಂದ, ಯಾವ ವಿಧಾನದಿಂದ ಇಡಬೇಕೆಂದು ಕಾಯಿದೆ ಕಟ್ಟುಪಾಡು ಮಾಡಲಿಲ್ಲ. ಆದರೆ ಆ ಎಳೆ ತುಂಡಾಗದಂತೆ, ತಿದ್ದಿಹೋಗದಂತೆ ಕಾಪಾಡುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಅದು ಕಟ್ಟಡೋದ್ಯಮದ ಮುಂದಿಟ್ಟಿತು.

ಪ್ರಶ್ನೆ ಸುಲಭವಾದುದಲ್ಲ. ಕಾಗದದ ಮೇಲಿನ ಶಾಯಿಯನ್ನು ಉಜ್ಜಿದರೆ ಗಾಯದ ಗುರುತು ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಒಂದು ಅಂಕಿಯನ್ನು ಅಳಿಸಿ ಮತ್ತೊಂದನ್ನು ಬರೆದರೆ ಯಾವ ಗುರುತೂ ಉಳಿಯುವುದಿಲ್ಲ. ತಾರೀಖನ್ನು ಸಹ ಹಿಂದಕ್ಕೆ ಹಾಕಬಹುದು. ಈ ತೊಡಕನ್ನು ಅಮೆರಿಕದ ಬೆಲ್‌ಕೋರ್ ಪ್ರಯೋಗಶಾಲೆಯಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು ವಿಜ್ಞಾನಿಗಳು ಕೈಗೆತ್ತಿಕೊಂಡರು. 1991ರಲ್ಲಿ ಅವರು ಪ್ರಕಟಿಸಿದ ಲೇಖನವೇ ಇಂದು ಬ್ಲಾಕ್‌ಚೈನ್ ಎಂದು ಕರೆಯಲ್ಪಡುವ ವಿಧಾನಕ್ಕೆ ಬೀಜವಾಯಿತು. ಬ್ಲಾಕ್ ಎಂದರೆ ಇಲ್ಲಿ ದಾಖಲೆಗಳ ಒಂದು ಕಟ್ಟು; ಚೈನ್ ಎಂದರೆ ಸರಪಳಿ. ಕಟ್ಟುಗಳನ್ನು ಒಂದಕ್ಕೊಂದು ಬಿಗಿದ ಸರಪಳಿಯೇ ಬ್ಲಾಕ್‌ಚೈನ್.

ಈ ಬಿಗಿತವನ್ನು ತರುವುದು ಹ್ಯಾಷ್ ಎಂಬ ಗಣಿತದ ಸಾಧನ. ಪ್ರತಿಯೊಬ್ಬ ಮನುಷ್ಯನಿಗೂ ಅವನದೇ ಆದ ಹೆಬ್ಬೆರಳ ಗುರುತು ಇರುವಂತೆ, ಪ್ರತಿಯೊಂದು ಬರಹಕ್ಕೂ ಅದರದೇ ಆದ ಗುರುತೊಂದನ್ನು ಲೆಕ್ಕಮಾಡಿ ಪಡೆಯಬಹುದು. ಬಹುವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಬರಹವು ಒಂದು ಸಾಲಿನದಾಗಿರಲಿ, ಸಾವಿರ ಪುಟಗಳದಾಗಿರಲಿ, ದೊರೆಯುವ ಗುರುತು 64 ಅಕ್ಷರಾಂಕಗಳಷ್ಟೇ ಉದ್ದವಾಗಿರುತ್ತದೆ. ಇದಕ್ಕೆ ಎರಡು ವಿಶೇಷ ಗುಣಗಳುಂಟು. ಬರಹದಲ್ಲಿ ಒಂದೇ ಒಂದು ಅಂಕಿ ಬದಲಾದರೂ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ಅಲ್ಲದೆ ಗುರುತನ್ನು ಮಾತ್ರ ಇಟ್ಟುಕೊಂಡು ಮೂಲ ಬರಹವನ್ನು ಕಂಡುಹಿಡಿಯುವುದಾಗಲಿ, ಅದೇ ಗುರುತು ಬರುವಂತೆ ಸುಳ್ಳು ಬರಹವೊಂದನ್ನು ಹೊಂದಿಸುವುದಾಗಲಿ ಈಗಿನ ಕಂಪ್ಯೂಟರುಗಳ ಶಕ್ತಿಗೆ ಮೀರಿದ ಕೆಲಸ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಮೊದಲನೆಯ ಕಟ್ಟಿನಲ್ಲಿ ‘ಈ ಕಂಬದೊಳಗೆ 16 ಮಿಲಿಮೀಟರು ವ್ಯಾಸದ ಸರಳುಗಳನ್ನು ಹಾಕಲಾಗಿದೆ’ ಎಂದು ಬರೆದಿದೆಯೆನ್ನೋಣ. ಆ ಕಟ್ಟಿನ ಗುರುತನ್ನು ಎರಡನೆಯ ಕಟ್ಟಿನ ತಲೆಯ ಮೇಲೆ ಬರೆಯುತ್ತಾರೆ. ಎರಡನೆಯ ಕಟ್ಟಿನಲ್ಲಿ ತೊಲೆಯ ವಿವರವಿದೆ. ಈ ಎರಡನೆಯ ಕಟ್ಟಿನ ಗುರುತನ್ನು ಲೆಕ್ಕ ಹಾಕುವಾಗ ತೊಲೆಯ ವಿವರದೊಂದಿಗೆ, ಮೊದಲನೆಯ ಕಟ್ಟಿನಿಂದ ಬಂದ ಗುರುತೂ ಸೇರಿಕೊಳ್ಳುತ್ತದೆ. ಅದನ್ನು ಮೂರನೆಯದರ ತಲೆಯ ಮೇಲೆ ಬರೆಯುತ್ತಾರೆ. ಹೀಗೆಯೇ ಸರಪಳಿ ಬೆಳೆಯುತ್ತ ಹೋಗುತ್ತದೆ. ಈಗ ಯಾರೋ ಒಬ್ಬರು ಮೊದಲನೆಯ ಕಟ್ಟಿನಲ್ಲಿ 16 ಎಂಬುದನ್ನು ಅಳಿಸಿ 12 ಎಂದು ಬರೆದರೆ ಏನಾಗುತ್ತದೆ? ಆ ಕಟ್ಟಿನ ಗುರುತು ಬದಲಾಗುತ್ತದೆ. ಎರಡನೆಯದರ ತಲೆಯ ಮೇಲಿರುವ ಗುರುತಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಎರಡನೆಯದನ್ನು ತಿದ್ದಿದರೆ ಮೂರನೆಯದು ತಾಳೆ ತಪ್ಪುತ್ತದೆ. ಒಂದು ಸುಳ್ಳನ್ನು ಮುಚ್ಚಲು ಹೋದವನು ಅಂದಿನಿಂದ ಇಂದಿನವರೆಗಿನ ಎಲ್ಲ ಕಟ್ಟುಗಳನ್ನೂ ತಿದ್ದಬೇಕಾಗುತ್ತದೆ. 16 ಮಿಲಿಮೀಟರಿನ ಸರಳಿಗೂ 12 ಮಿಲಿಮೀಟರಿನ ಸರಳಿಗೂ ಅಂಕಿಯಲ್ಲಿ ವ್ಯತ್ಯಾಸ ನಾಲ್ಕೇ ಆದರೂ, ಅಡ್ಡಕೊಯ್ತದ ವಿಸ್ತೀರ್ಣ ಮೊದಲನೆಯದಕ್ಕೆ ಸುಮಾರು 201 ಚದರ ಮಿಲಿಮೀಟರು, ಎರಡನೆಯದಕ್ಕೆ ಸುಮಾರು 113 ಮಾತ್ರ. ಒಂದು ಅಂಕಿಯ ಬದಲಾವಣೆಯಲ್ಲಿ ಕಂಬದೊಳಗಿನ ಉಕ್ಕು ಅರ್ಧದ ಸಮೀಪಕ್ಕೆ ಇಳಿದುಹೋಗುತ್ತದೆಂಬುದನ್ನು ಗಮನಿಸಬೇಕು.

ಆದರೆ ಇಡೀ ಸರಪಳಿಯನ್ನೇ ಒಬ್ಬನು ತನ್ನ ಕೈಯಲ್ಲಿಟ್ಟುಕೊಂಡು ಮೊದಲಿನಿಂದ ಹೊಸದಾಗಿ ಬರೆದುಬಿಟ್ಟರೆ? ಇದಕ್ಕೆ ಉತ್ತರ ಹಂಚಿಕೆಯಲ್ಲಿದೆ. ಸರಪಳಿಯ ಪ್ರತಿ ಒಬ್ಬರಲ್ಲಿಯೇ ಇರದೆ ಅನೇಕರಲ್ಲಿ ಇರುತ್ತದೆ. ಹೇಬರ್ ಮತ್ತು ಸ್ಟಾರ್ನೆಟ್ಟಾ ಇದಕ್ಕೊಂದು ಸೊಗಸಾದ ಉಪಾಯ ಹೂಡಿದರು. 1995ರಿಂದ ಅವರ ಸಂಸ್ಥೆಯು ತನ್ನ ದಾಖಲೆಗಳ ಒಟ್ಟು ಗುರುತನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆಯಾಗಿ ಅಚ್ಚು ಹಾಕಿಸತೊಡಗಿತು. ಆ ಪತ್ರಿಕೆಯ ಪ್ರತಿಗಳು ಸಾವಿರಾರು ಮನೆಗಳಿಗೂ ಗ್ರಂಥಾಲಯಗಳಿಗೂ ಹೋಗಿರುತ್ತವೆ. ಅವೆಲ್ಲವನ್ನೂ ಹುಡುಕಿ ತಿದ್ದುವುದು ಯಾರಿಂದ ಸಾಧ್ಯ? ಮುಂದೆ 2008ರಲ್ಲಿ ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಎಂಬ ಹೊಸ ಬಗೆಯ ಹಣದ ಯೋಜನೆ ಪ್ರಕಟವಾಯಿತು. ಅದರ ಲೇಖನದಲ್ಲಿ ಸೂಚಿಸಿದ ಎಂಟು ಆಧಾರಗಳಲ್ಲಿ ಮೂರು ಈ ಇಬ್ಬರು ವಿಜ್ಞಾನಿಗಳ ಬರಹಗಳು. ಬಿಟ್‌ಕಾಯಿನ್‌ನಲ್ಲಿ ಯಾರು ಬೇಕಾದರೂ ಸರಪಳಿಯ ಪ್ರತಿಯನ್ನು ಇಟ್ಟುಕೊಳ್ಳಬಹುದು. ಅಪರಿಚಿತರ ನಡುವೆ ಮೋಸವನ್ನು ತಡೆಯಲು ಅಲ್ಲಿ ಅಪಾರ ವಿದ್ಯುತ್ತನ್ನು ವ್ಯಯ ಮಾಡಬೇಕಾಗುತ್ತದೆ. ಕಟ್ಟಡದ ಕೆಲಸಕ್ಕೆ ಅಷ್ಟು ಆಡಂಬರ ಬೇಕಾಗಿಲ್ಲ. ಅಲ್ಲಿ ಭಾಗವಹಿಸುವವರು ಯಾರೆಂಬುದು ತಿಳಿದಿರುವುದರಿಂದ, ಒಪ್ಪಿಗೆ ಪಡೆದ ಕೆಲವರೇ ಸೇರಿ ನಡೆಸುವ ಸರಪಳಿ ಸಾಕಾಗುತ್ತದೆ. ಮಾಲೀಕ, ಎಂಜಿನಿಯರು, ಗುತ್ತಿಗೆದಾರ, ಪ್ರಯೋಗಾಲಯ, ಬ್ಯಾಂಕು, ನಗರಸಭೆ ಇವರೆಲ್ಲರ ಬಳಿಯೂ ಒಂದೊಂದು ಪ್ರತಿ. ಒಬ್ಬರ ಪ್ರತಿಯಲ್ಲಿ ವ್ಯತ್ಯಾಸ ಕಂಡರೆ ಉಳಿದವರ ಪ್ರತಿಗಳು ಸಾಕ್ಷಿ ನುಡಿಯುತ್ತವೆ.

ಇದು ಕೆಲಸದ ಸ್ಥಳದಲ್ಲಿ ಹೇಗೆ ಉಪಯೋಗಕ್ಕೆ ಬರಬಲ್ಲದು? ಕಾಂಕ್ರೀಟಿನ ಪರೀಕ್ಷೆಯನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲಿ ಕಂಬಕ್ಕೆ ಸುರಿಯುವ ಕಾಂಕ್ರೀಟಿನಿಂದಲೇ ಸ್ವಲ್ಪ ತೆಗೆದು, 150 ಮಿಲಿಮೀಟರು ಅಳತೆಯ ಘನಾಕಾರದ ಅಚ್ಚುಗಳಿಗೆ ತುಂಬಿ, ಗಟ್ಟಿಯಾದ ಮೇಲೆ ನೀರಿನಲ್ಲಿ ಇಡುತ್ತಾರೆ. ಒಂದು ಮಾದರಿಗೆ ಮೂರು ಘನಗಳು. 28 ದಿನಗಳಾದ ಮೇಲೆ ಅವುಗಳನ್ನು ಯಂತ್ರದಲ್ಲಿಟ್ಟು ಒಡೆಯುವ ತನಕ ಒತ್ತುತ್ತಾರೆ. ಎಂ 25 ಎಂಬ ದರ್ಜೆಯ ಕಾಂಕ್ರೀಟಿಗೆ 28 ದಿನಗಳಲ್ಲಿ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ಇರಬೇಕೆಂಬುದು ಆ ಹೆಸರಿನ ಅರ್ಥ. ಆದರೆ 28ನೆಯ ದಿನದ ಹೊತ್ತಿಗೆ ಆ ಕಂಬದ ಮೇಲೆ ಮತ್ತೆ ಒಂದೆರಡು ಅಂತಸ್ತು ಎದ್ದಿರಬಹುದು. ಫಲಿತಾಂಶ ಕಡಿಮೆ ಬಂದರೆ ನಷ್ಟ ಅಪಾರ. ಅಂಕಿಯನ್ನು ಸ್ವಲ್ಪ ಏರಿಸಿ ಬರೆಯುವ ಆಸೆ ಹುಟ್ಟುವುದು ಆಗಲೇ. ಒತ್ತುವ ಯಂತ್ರವೇ ತನ್ನ ಅಂಕಿಯನ್ನು ನೇರವಾಗಿ ಸರಪಳಿಗೆ ಕಳಿಸುವ ಏರ್ಪಾಡಿದ್ದರೆ, ಆ ಕ್ಷಣದಲ್ಲಿಯೇ ಅದರ ಪ್ರತಿ ಎಲ್ಲರ ಬಳಿಯೂ ಸೇರಿಬಿಡುತ್ತದೆ. ಮುಂದೆ ಅದನ್ನು ಏರಿಸುವುದು ಯಾರಿಗೂ ಸಾಧ್ಯವಾಗದು. ಸಿಮೆಂಟು ಯಾವ ದಿನ ಬಂತು, ಕಬ್ಬಿಣ ಯಾವ ಕಾರ್ಖಾನೆಯದು, ನಕ್ಷೆಯನ್ನು ಬದಲಿಸಿದವರು ಯಾರು ಎಂಬ ವಿವರಗಳನ್ನೂ ಹೀಗೆಯೇ ಇಡಬಹುದು. ಐವತ್ತು ವರ್ಷಗಳ ಮೇಲೆ ಆ ಕಟ್ಟಡವನ್ನು ದುರಸ್ತಿ ಮಾಡುವವನಿಗೆ ಗೋಡೆಯನ್ನು ಒಡೆಯದೆಯೇ ಗೋಡೆಯ ಒಳಗೇನಿದೆ ಎಂಬುದು ತಿಳಿಯುತ್ತದೆ.

ಎರಡನೆಯ ಉಪಯೋಗ ಹಣ ಪಾವತಿಗೆ ಸಂಬಂಧಿಸಿದ್ದು. ಕಟ್ಟಡದ ಕೆಲಸದಲ್ಲಿ ಹಣ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮಾಲೀಕನು ಮುಖ್ಯ ಗುತ್ತಿಗೆದಾರನಿಗೆ, ಅವನು ಉಪಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ, ಮೇಸ್ತ್ರಿ ಕೂಲಿಯವರಿಗೆ. ಕಾಲುವೆಯ ತುದಿಯ ಗದ್ದೆಗೆ ನೀರು ತಡವಾಗಿ ಬರುವಂತೆ ಕೊನೆಯವನಿಗೆ ಹಣ ತಡವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. 2018ರ ಜನವರಿ 15ರಂದು ಬ್ರಿಟನ್ನಿನ ಕ್ಯಾರಿಲಿಯನ್ ಎಂಬ ಬಹು ದೊಡ್ಡ ನಿರ್ಮಾಣ ಸಂಸ್ಥೆ ದಿವಾಳಿಯೆದ್ದಿತು. ಆ ಸಂಸ್ಥೆಯಿಂದ ಹಣ ಬರಬೇಕಾಗಿದ್ದ ಸರಬರಾಜುದಾರರು, ಉಪಗುತ್ತಿಗೆದಾರರು ಮೊದಲಾದವರ ಸಂಖ್ಯೆ ಸುಮಾರು 30,000 ಎಂದೂ, ಬಾಕಿ ಸುಮಾರು 200 ಕೋಟಿ ಪೌಂಡುಗಳೆಂದೂ ಪಾರ್ಲಿಮೆಂಟಿನ ಸಮಿತಿಗಳು ವರದಿ ಮಾಡಿದವು. ಲಿವರ್‌ಪೂಲ್ ನಗರದಲ್ಲಿ ಆ ಸಂಸ್ಥೆ ಕಟ್ಟುತ್ತಿದ್ದ ಆಸ್ಪತ್ರೆ ಅರ್ಧದಲ್ಲಿಯೇ ನಿಂತಿತು. ಅದು ರೋಗಿಗಳಿಗೆ ತೆರೆದದ್ದು 2022ರಲ್ಲಿ. ಮಾಡಿ ಮುಗಿಸಿದ ಕೆಲಸದ ಹಣ ತಮ್ಮ ಕೈ ಸೇರುವ ಮೊದಲೇ ಇನ್ನೊಬ್ಬರ ಸಾಲದಲ್ಲಿ ಕರಗಿಹೋದುದನ್ನು ಸಣ್ಣ ಗುತ್ತಿಗೆದಾರರು ನೋಡಬೇಕಾಯಿತು.

ಇದಕ್ಕೆ ಪರಿಹಾರವಾಗಿ ಸೂಚಿತವಾಗಿರುವುದು ‘ಸ್ಮಾರ್ಟ್ ಕರಾರು’. ಈ ಕಲ್ಪನೆಯನ್ನು 1990ರ ದಶಕದಲ್ಲಿ ನಿಕ್ ಸಾಬೊ ಎಂಬವರು ಮುಂದಿಟ್ಟರು. 2015ರಲ್ಲಿ ಆರಂಭವಾದ ಇಥೀರಿಯಂ ಎಂಬ ಸರಪಳಿ ಅದನ್ನು ಬಳಕೆಗೆ ತಂದಿತು. ಕರಾರಿನ ಷರತ್ತುಗಳನ್ನು ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಸರಪಳಿಯಲ್ಲಿ ಸೇರಿಸಿಡುವುದೇ ಇದರ ಕ್ರಮ. ಮಾಲೀಕನು ಹಣವನ್ನು ಮೊದಲೇ ಪ್ರತ್ಯೇಕವಾಗಿ ಕಟ್ಟಿರುತ್ತಾನೆ. ಒಂದನೆಯ ಅಂತಸ್ತಿನ ತಾರಸಿ ಮುಗಿದು, ಎಂಜಿನಿಯರು ಒಪ್ಪಿಗೆಯ ಸಹಿ ಹಾಕಿ, ಪರೀಕ್ಷೆಯ ಫಲಿತಾಂಶ ಸರಿಯಾಗಿ ಬಂದರೆ, ಆ ಕ್ಷಣವೇ ಪ್ರತಿಯೊಬ್ಬರ ಪಾಲು ಅವರವರ ಖಾತೆಗೆ ನೇರವಾಗಿ ಹೋಗುತ್ತದೆ. ನಡುವಿನ ಯಾರ ಕೈಯಲ್ಲೂ ತಂಗುವುದಿಲ್ಲ. ಚೀನಾ ದೇಶವು ಬೀಜಿಂಗಿನಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ ಶಿಯೋಂಗ್‌ಆನ್ ಎಂಬ ಹೊಸ ನಗರವನ್ನು ಕಟ್ಟುವುದಾಗಿ 2017ರಲ್ಲಿ ಪ್ರಕಟಿಸಿತು. ಅಲ್ಲಿಯ ಕಾಮಗಾರಿಗಳ ಹಣವನ್ನೂ ವಲಸೆ ಬಂದ ಕಾರ್ಮಿಕರ ಕೂಲಿಯನ್ನೂ ಇಂಥ ಸರಪಳಿಯ ಮೂಲಕ ಪಾವತಿ ಮಾಡುವ ಕ್ರಮವನ್ನು ಜಾರಿಗೆ ತರಲಾಯಿತು.

ಕೂಲಿಯವರ ಮಾತು ಕರ್ನಾಟಕಕ್ಕೂ ಸಲ್ಲುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಎಷ್ಟೋ ಸಂಸಾರಗಳು ಬೆಂಗಳೂರಿಗೆ ಬಂದು ಕಟ್ಟಡದ ಕೆಲಸ ಮಾಡುತ್ತವೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕೇಂದ್ರ ಕಾಯಿದೆಯು, ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿದವರು ಕಲ್ಯಾಣನಿಧಿಯ ನೆರವಿಗೆ ಅರ್ಹರೆಂದು ವಿಧಿಸಿತು. ಆದರೆ ಇಂದು ಒಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ ದುಡಿಯುವ ಹೆಣ್ಣುಮಗಳೊಬ್ಬಳು ತನ್ನ 90 ದಿನಗಳನ್ನು ಸಾಬೀತುಪಡಿಸುವುದು ಹೇಗೆ? ಹಾಜರಿ ಪುಸ್ತಕ ಮೇಸ್ತ್ರಿಯ ಕೈಯಲ್ಲಿರುತ್ತದೆ. ಮೇಸ್ತ್ರಿ ಬೇರೆ ಊರಿಗೆ ಹೋದರೆ ಪುಸ್ತಕವೂ ಹೋಗುತ್ತದೆ. ಪ್ರತಿದಿನದ ಹಾಜರಿ ಯಾರೊಬ್ಬರ ಮರ್ಜಿಗೂ ಒಳಪಡದ ಲೆಕ್ಕದಲ್ಲಿ ಸೇರುವಂತಿದ್ದರೆ, ಅವಳು ಹೋದ ಕಡೆಗೆಲ್ಲ ಅವಳ ದುಡಿಮೆಯ ಸಾಕ್ಷ್ಯ ಅವಳ ಜೊತೆಗೇ ಹೋಗುತ್ತಿತ್ತು. ಈ ವಿಧಾನದ ಬೆಲೆಯನ್ನು ಎತ್ತರದ ಕಟ್ಟಡಗಳಿಂದ ಮಾತ್ರವಲ್ಲ, ಇಂಥ ಸಣ್ಣ ನ್ಯಾಯಗಳಿಂದಲೂ ಅಳೆಯಬೇಕು.

ಇಷ್ಟೆಲ್ಲ ಗುಣಗಳಿದ್ದ ಮಾತ್ರಕ್ಕೆ ಬ್ಲಾಕ್‌ಚೈನ್ ಸರ್ವರೋಗಕ್ಕೂ ಮದ್ದು ಎಂದು ಭಾವಿಸಬಾರದು. ಅದರ ಅತಿ ದೊಡ್ಡ ಮಿತಿ ಅದರ ಬಾಗಿಲಿನಲ್ಲಿಯೇ ಇದೆ. ಒಳಗೆ ಬಂದ ಮಾತನ್ನು ಯಾರೂ ತಿದ್ದದಂತೆ ಅದು ಕಾಯುತ್ತದೆ. ಆದರೆ ಒಳಗೆ ಬರುವ ಮಾತು ಸತ್ಯವೋ ಸುಳ್ಳೋ ಎಂಬುದನ್ನು ಅದು ತಿಳಿಯಲಾರದು. ಕಂಬಕ್ಕೆ ಹೋದ ಕಾಂಕ್ರೀಟೇ ಬೇರೆ, ಪರೀಕ್ಷೆಗೆಂದು ಸಿಮೆಂಟು ಹೆಚ್ಚು ಬೆರೆಸಿ ಮಾಡಿದ ಘನಗಳೇ ಬೇರೆ ಆಗಿದ್ದರೆ, ಯಂತ್ರವು ಕಳಿಸುವ ಅಂಕಿ ಸರಿಯಾಗಿಯೇ ಇರುತ್ತದೆ, ಕಂಬ ಮಾತ್ರ ದುರ್ಬಲವಾಗಿರುತ್ತದೆ. ಗ್ರೆನ್‌ಫೆಲ್ ದುರಂತದ ವಿಚಾರಣೆಯ ಅಂತಿಮ ವರದಿಯು 2024ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಹೊದಿಕೆಯ ವಸ್ತುಗಳನ್ನು ತಯಾರಿಸಿದವರು ಬೆಂಕಿಯ ಪರೀಕ್ಷೆಗಳ ವಿಷಯದಲ್ಲಿ ಕೊಳ್ಳುವವರನ್ನು ತಿಳಿದೂ ತಿಳಿದೂ ತಪ್ಪು ದಾರಿಗೆ ಎಳೆದರೆಂದು ಅದು ನಿರ್ಣಯಿಸಿತು. ಅಂದು ಬಂಗಾರದ ಎಳೆ ಇದ್ದಿದ್ದರೂ ಆ ಸುಳ್ಳು ಆ ಎಳೆಯಲ್ಲಿ ಭದ್ರವಾಗಿ ಪೋಣಿಸಲ್ಪಡುತ್ತಿತ್ತು. ಒಂದು ವ್ಯತ್ಯಾಸ ಮಾತ್ರ ಇರುತ್ತಿತ್ತು: ಆ ಸುಳ್ಳನ್ನು ಹೇಳಿದವರು ಯಾರು, ಹೇಳಿದ್ದು ಯಾವ ದಿನ, ಅದನ್ನು ನಂಬಿ ಸಹಿ ಹಾಕಿದವರು ಯಾರು ಎಂಬುದನ್ನು ತಿಳಿಯಲು ಇಷ್ಟು ದೀರ್ಘಕಾಲದ ವಿಚಾರಣೆ ಬೇಕಾಗುತ್ತಿರಲಿಲ್ಲ. ತನ್ನ ಹೆಸರು ಅಳಿಸಿಹೋಗದೆಂದು ತಿಳಿದವನು ಸಹಿ ಹಾಕುವ ಮುನ್ನ ಒಂದು ಕ್ಷಣ ಯೋಚಿಸುತ್ತಾನೆ. ಆ ಒಂದು ಕ್ಷಣದ ಯೋಚನೆಯೂ ಎಷ್ಟೋ ಜೀವಗಳನ್ನು ಉಳಿಸಬಲ್ಲದು.

ಇನ್ನೊಂದು ಮಿತಿ ಮನುಷ್ಯರ ಒಪ್ಪಂದಕ್ಕೆ ಸೇರಿದ್ದು. ಎಲ್ಲರೂ ಒಂದೇ ಲೆಕ್ಕಕ್ಕೆ ಒಪ್ಪದಿದ್ದರೆ ಸರಪಳಿ ಕೂಡುವುದೇ ಇಲ್ಲ. ಹಡಗು ಸಾಗಣೆಯ ಉದ್ಯಮದಲ್ಲಿ ಮೇರ್ಸ್ಕ್ ಮತ್ತು ಐಬಿಎಂ ಸಂಸ್ಥೆಗಳು 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಪ್ರಕಟಿಸಿದವು. ಆದರೆ ಉದ್ಯಮದ ಸಮಸ್ತರ ಸಹಕಾರ ದೊರೆಯಲಿಲ್ಲವೆಂದು ಹೇಳಿ 2022ರ ನವೆಂಬರಿನಲ್ಲಿ ಅದನ್ನು ನಿಲ್ಲಿಸುವ ತೀರ್ಮಾನವನ್ನು ಸಾರಿದವು. ಕಟ್ಟಡೋದ್ಯಮದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಏಕೆಂದರೆ ಒಂದು ಕಟ್ಟಡಕ್ಕಾಗಿ ಸೇರಿದ ಜನ ಅದು ಮುಗಿದೊಡನೆ ಚದುರಿಹೋಗುತ್ತಾರೆ. ಸಣ್ಣ ಗುತ್ತಿಗೆದಾರನಿಗೆ ಹೊಸ ಯಂತ್ರಗಳ ವೆಚ್ಚವೂ ಅದನ್ನು ಕಲಿಯುವ ಶ್ರಮವೂ ಭಾರವಾಗಬಹುದು. ಸ್ಮಾರ್ಟ್ ಕರಾರಿಗೆ ಹೌದು, ಅಲ್ಲ ಎಂಬ ಎರಡೇ ಉತ್ತರಗಳು ಗೊತ್ತು. ಮಳೆ ಹಿಡಿದು ಕೆಲಸ ನಿಂತಾಗ, ತಳಪಾಯ ತೋಡುವಾಗ ಎಣಿಸದ ಬಂಡೆ ಎದುರಾದಾಗ ಬೇಕಾಗುವ ಹೊಂದಾಣಿಕೆ ಅದಕ್ಕೆ ತಿಳಿಯದು. ಕಟ್ಟಡದ ಆಯುಷ್ಯ ನೂರು ವರ್ಷವಾಗಬಹುದು. ಅಷ್ಟು ಕಾಲ ಸರಪಳಿಯನ್ನು ಕಾಯುವವರು ಯಾರೆಂಬುದನ್ನೂ ಮೊದಲೇ ಗೊತ್ತುಮಾಡಬೇಕು. ಹಳ್ಳಿಯಲ್ಲಿ ಎರಡು ಕೋಣೆಯ ಮನೆ ಕಟ್ಟುವವನಿಗೆ ಇದಾವುದೂ ಬೇಕಿಲ್ಲ. ಅವನಿಗೆ ಪರಿಚಿತ ಮೇಸ್ತ್ರಿಯೂ ಸ್ವಂತ ಕಣ್ಣೂ ಸಾಕು.

ಆದುದರಿಂದ ಈ ವಿಧಾನವನ್ನು ಅಳವಡಿಸಿಕೊಳ್ಳುವುದೆಂದರೆ ಹೊಸ ಯಂತ್ರವನ್ನು ಕೊಂಡು ತರುವುದಷ್ಟೇ ಅಲ್ಲ. ಯಾವ ವಿವರವನ್ನು ಬರೆಯಬೇಕು, ಅದನ್ನು ಕಣ್ಣಾರೆ ನೋಡಿ ಬರೆಯುವವರು ಯಾರು, ಪರಿಶೀಲಿಸುವವರು ಯಾರು, ತಪ್ಪಾದಾಗ ತಿದ್ದುಪಡಿಯನ್ನು ಹೇಗೆ ಸೇರಿಸಬೇಕು ಎಂಬುದನ್ನು ಎಲ್ಲರೂ ಕೂಡಿ ಮೊದಲು ನಿರ್ಧರಿಸಬೇಕು. ಹಳೆಯ ಅಳತೆ ಪುಸ್ತಕದ ಶಿಸ್ತು ಮನಸ್ಸಿನಲ್ಲಿ ಇಲ್ಲದವನಿಗೆ ಹೊಸ ಸರಪಳಿಯೂ ಶಿಸ್ತನ್ನು ಕಲಿಸಲಾರದು. ಆ ಶಿಸ್ತು ಇರುವವನಿಗೆ ಮಾತ್ರ ಅದು ದೊಡ್ಡ ಆಸರೆಯಾದೀತು.

ಗ್ರೆನ್‌ಫೆಲ್ ಕಟ್ಟಡದಲ್ಲಿ ಆ ರಾತ್ರಿ ಮಲಗಿದ್ದವರು ಹೊರಗೋಡೆಯ ತಗಡಿನ ನಡುವೆ ಏನಿದೆಯೆಂದು ಕೇಳಿರಲಿಲ್ಲ. ಎಲ್ಲಿಯೇ ಆಗಲಿ, ಸೂರಿನ ಕೆಳಗೆ ಮಲಗುವ ಮನುಷ್ಯ ಅದನ್ನು ಕೇಳುವುದಿಲ್ಲ. ಬಲ್ಲವರು ನೋಡಿಕೊಂಡಿರುತ್ತಾರೆಂದು ನಂಬಿ ಕಣ್ಣು ಮುಚ್ಚುತ್ತಾನೆ. ಆ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು ಕಟ್ಟುವವರ ಧರ್ಮ. ಬರೆದುದನ್ನು ಅಳಿಸಲಾಗದಂತೆ ಕಾಯುವ ಕೆಲಸವನ್ನು ಗಣಿತ ವಹಿಸಿಕೊಂಡಿದೆ. ಸತ್ಯವನ್ನೇ ಬರೆಯುವ ಕೆಲಸ ಮನುಷ್ಯನಿಗೆ ಉಳಿದಿದೆ.